ಗಡುವು ಮುಗಿದ ಮೇಲೆ ಬಂದ ಬಿಡ್: ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿ ಕೊನೆಯ ದಿನದ ಜಗಳ

ಕಾಫಿ ಡೇ ಎಂಟರ್‌ಪ್ರೈಸಸ್ ಮೇಲೆ ದಿವಾಳಿ ಪ್ರಕ್ರಿಯೆ ನಡೆಸಲು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2024ರ ಆಗಸ್ಟ್ 8ರಂದು ಒಪ್ಪಿತು. ಕೆಲವೇ ದಿನಗಳಲ್ಲಿ ಚೆನ್ನೈನ ಮೇಲ್ಮನವಿ ಪೀಠ ತಡೆ ನೀಡಿತು, 2025ರ ಫೆಬ್ರವರಿಯಲ್ಲಿ ಆ ಆದೇಶವೇ ರದ್ದಾಯಿತು. ಹಾಗಾಗಿ ಕಂಪನಿ ಕೊಳ್ಳುವವರಿಂದ ಬಿಡ್ ಕರೆಯುವ ಹಂತ ಅಲ್ಲಿ ಬರಲೇ ಇಲ್ಲ. ಬಂದಿದ್ದರೆ ಏನೇನು ನಡೆಯುತ್ತಿತ್ತು ಎಂಬುದು ಕಾಫಿ ನಾಡಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಪಾರ್ಚ್‌ಮೆಂಟ್ ಕಾಫಿ, ಚೆರ್ರಿ ಕಾಫಿ, ಕಾಳುಮೆಣಸನ್ನು ಕಂಪನಿಗಳಿಗೆ ಸಾಲದ ಮೇಲೆ ಕೊಡುವ ಬೆಳೆಗಾರರು, ತೋಟದ ಕಂಪನಿಗಳಲ್ಲಿ ದುಡಿಯುವ ಕಾರ್ಮಿಕರು, ಲಾರಿ ಬಾಡಿಗೆ ಕೊಡುವವರು, ಗೊಬ್ಬರ ಪೂರೈಸುವವರು ಕೊಡಗಿನ ಊರೂರಲ್ಲಿ ಇದ್ದಾರೆ. ಕೊಂಡ ಕಂಪನಿ ಮುಳುಗಿದರೆ ಇವರ ದುಡ್ಡು ಯಾವಾಗ, ಎಷ್ಟು ಬರುತ್ತದೆ ಎನ್ನುವುದು ಆ ಬಿಡ್‌ಗಳ ಮೇಲೆ ನಿಂತಿರುತ್ತದೆ. ಬಿಡ್ ತಡವಾಗಿ ಬಂತು ಎಂಬ ಒಂದೇ ಜಗಳಕ್ಕೆ ದೊಡ್ಡ ದೊಡ್ಡ ಪ್ರಕರಣಗಳು ತಿಂಗಳುಗಟ್ಟಲೆ ನಿಂತಿವೆ.

ಪ್ರಕ್ರಿಯೆ ಯಾರ ಮೇಲೆ, ಯಾರ ಕೈಯಲ್ಲಿ

2016ರ ದಿವಾಳಿ ಸಂಹಿತೆಯ ಈ ಭಾಗ ಕಂಪನಿಗಳಿಗೆ ಮತ್ತು ಎಲ್‌ಎಲ್‌ಪಿಗಳಿಗೆ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಗಳಿಗೆ, ಮಾತ್ರ ಅನ್ವಯಿಸುತ್ತದೆ. ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಮೆಣಸು ಕೊಳ್ಳುವ ವ್ಯಾಪಾರಿ ಒಬ್ಬನೇ ಮಾಲೀಕನಾಗಿದ್ದರೆ ಅಥವಾ ಅದು ಸಾಮಾನ್ಯ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಇಲ್ಲಿ ಹೇಳುವುದೊಂದೂ ಅವನಿಗೆ ತಗಲುವುದಿಲ್ಲ. ಅಲ್ಲಿ ಬಾಕಿ ವಸೂಲಿಗೆ ಸಿವಿಲ್ ಕೋರ್ಟಿನ ದಾರಿ, ಚೆಕ್ ಬೌನ್ಸ್ ಆಗಿದ್ದರೆ ಅದರ ದಾರಿ. ಬಿಲ್ಲಿನ ಮೇಲೆ 'ಲಿಮಿಟೆಡ್', 'ಪ್ರೈವೇಟ್ ಲಿಮಿಟೆಡ್' ಅಥವಾ 'ಎಲ್‌ಎಲ್‌ಪಿ' ಎಂದಿದೆಯೇ ಎಂದು ನೋಡುವುದು ಮೊದಲ ಕೆಲಸ.

ಅರ್ಜಿ ಹಾಕಲು ಕನಿಷ್ಠ 1 ಕೋಟಿ ರೂಪಾಯಿ ಬಾಕಿ ಇರಬೇಕು. 2020ರ ಮಾರ್ಚ್‌ಗೆ ಮೊದಲು ಈ ಮಿತಿ 1 ಲಕ್ಷ ಇತ್ತು. ಆದರೆ ಬೇರೆ ಯಾರೋ ಹಾಕಿದ ಅರ್ಜಿ ಅಂಗೀಕಾರವಾದ ಮೇಲೆ ನಮ್ಮ ಬಾಕಿ ಕೇಳಿಕೊಳ್ಳಲು ಕನಿಷ್ಠ ಮೊತ್ತ ಎಂಬುದಿಲ್ಲ. 40 ಸಾವಿರ ಬರಬೇಕಿದ್ದವನೂ ಕೇಳಬಹುದು.

ಅರ್ಜಿ ಅಂಗೀಕಾರವಾದ ದಿನದಿಂದ ಕಂಪನಿಯ ಮೇಲಿನ ವಸೂಲಿ ದಾವೆ, ಜಪ್ತಿ ಎಲ್ಲಕ್ಕೂ ತಡೆ ಬೀಳುತ್ತದೆ. ಆಡಳಿತ ಮಂಡಳಿಯ ಅಧಿಕಾರ ಅಮಾನತಾಗಿ, ರೆಸಲ್ಯೂಷನ್ ಪ್ರೊಫೆಷನಲ್ ಎಂಬ ಪರವಾನಗಿ ಪಡೆದ ವ್ಯಕ್ತಿ, ಎಲ್ಲರೂ ಕರೆಯುವಂತೆ ಆರ್‌ಪಿ, ಕಂಪನಿ ನಡೆಸುತ್ತಾರೆ. ತೀರ್ಮಾನ ಮಾಡುವುದು ಮಾತ್ರ ಸಾಲದಾತರ ಸಮಿತಿ. ಅದರಲ್ಲಿ ಮತ ಇರುವುದು ಬ್ಯಾಂಕಿನಂಥ ಹಣಕಾಸು ಸಾಲದಾತರಿಗೆ. ಸರಕು, ಸೇವೆ, ದುಡಿಮೆ ಕೊಟ್ಟು ಹಣ ಬರಬೇಕಾದವರಿಗೆ, ಅಂದರೆ ವ್ಯವಹಾರ ಸಾಲದಾತರಿಗೆ, ಮತವಿಲ್ಲ. ಅವರೆಲ್ಲರ ಬಾಕಿ ಸೇರಿ ಒಟ್ಟು ಸಾಲದ ಶೇ 10ಕ್ಕೆ ಮುಟ್ಟಿದರೆ ಅವರ ಪ್ರತಿನಿಧಿ ಸಭೆಯಲ್ಲಿ ಕೂರಬಹುದು, ಅಷ್ಟೇ. ಸಾಮಾನ್ಯ ತೀರ್ಮಾನಕ್ಕೆ ಶೇ 51, ಕಂಪನಿಯನ್ನು ಯಾರಿಗೆ ಕೊಡಬೇಕು ಎಂಬ ತೀರ್ಮಾನಕ್ಕೆ ಶೇ 66 ಮತ ಬೇಕು. ಯಾರೂ ಸಿಗದಿದ್ದರೆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಿ ಹಂಚುವ ಲಿಕ್ವಿಡೇಷನ್.

ಗಡುವು ಒಂದಲ್ಲ, ಸಾಲಾಗಿ ಇವೆ

'ಬಿಡ್ ತಡವಾಯಿತು' ಎಂದು ಸುದ್ದಿಯಲ್ಲಿ ಓದಿದಾಗ ಯಾವ ಗಡುವು ತಪ್ಪಿತು ಎಂದು ಮೊದಲು ಕೇಳಬೇಕು. ಒಂದೊಂದು ಗಡುವಿಗೂ ನಿಯಮ ಬೇರೆ.

ಪ್ರಕ್ರಿಯೆ ಆರಂಭವಾಗಿ 60ನೇ ದಿನದೊಳಗೆ ಆರ್‌ಪಿ ಫಾರಂ ಜಿ ಎಂಬ ಪ್ರಕಟಣೆ ಹೊರಡಿಸಬೇಕು. 'ಈ ಕಂಪನಿ ಕೊಳ್ಳುವ ಆಸಕ್ತಿ ಇರುವವರು ಬನ್ನಿ' ಎಂಬ ಕರೆ ಅದು. ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಅದು ಬರಬೇಕು. ಕಂಪನಿಯ ನೋಂದಾಯಿತ ಕಚೇರಿ, ಮುಖ್ಯ ಕಚೇರಿ ಇರುವ ಊರಲ್ಲದೆ, ಮುಖ್ಯ ವ್ಯವಹಾರ ನಡೆಯುವುದು ಇನ್ನೆಲ್ಲೋ ಎಂದು ಆರ್‌ಪಿಗೆ ಕಂಡರೆ ಅಲ್ಲಿಯೂ ಪ್ರಕಟಿಸಬೇಕು. ಕಚೇರಿ ಬೆಂಗಳೂರಲ್ಲಿದ್ದು ಸಂಸ್ಕರಣಾ ಘಟಕ ಕುಶಾಲನಗರದಲ್ಲಿದ್ದರೆ ಕೊಡಗಿನ ಓದುಗರಿಗೆ ಈ ಪ್ರಕಟಣೆ ಕಾಣುವುದು ಹೀಗೆ.

ಆಸಕ್ತಿ ಪತ್ರ ಕೊಡಲು ಪ್ರಕಟಣೆಯಿಂದ ಕನಿಷ್ಠ 15 ದಿನ. ಇದಕ್ಕೆ ಶುಲ್ಕ ಕೇಳುವಂತಿಲ್ಲ. ಕೊನೆಯ ದಿನದಿಂದ 10 ದಿನದೊಳಗೆ ಅರ್ಹರ ತಾತ್ಕಾಲಿಕ ಪಟ್ಟಿ, ಅದಕ್ಕೆ ಆಕ್ಷೇಪ ಸಲ್ಲಿಸಲು 5 ದಿನ, ಆಮೇಲೆ 10 ದಿನದೊಳಗೆ ಅಂತಿಮ ಪಟ್ಟಿ. ತಾತ್ಕಾಲಿಕ ಪಟ್ಟಿ ಬಂದ 5 ದಿನದೊಳಗೆ ಕಂಪನಿಯ ಮಾಹಿತಿ ಪುಸ್ತಿಕೆ, ಅಂಕ ಹಾಕುವ ಕ್ರಮ, ಷರತ್ತುಗಳ ದಾಖಲೆ ಅವರ ಕೈ ಸೇರಬೇಕು. ಅಲ್ಲಿಂದ ಪರಿಹಾರ ಯೋಜನೆ ಸಲ್ಲಿಸಲು ಕನಿಷ್ಠ 30 ದಿನ. ಜನ ಬಿಡ್ ಎನ್ನುವುದು ಈ ಪರಿಹಾರ ಯೋಜನೆಗೆ. ಎಷ್ಟು ಹಣ, ಯಾರಿಗೆ ಎಷ್ಟು, ಯಾವಾಗ, ಕಂಪನಿ ಮುಂದೆ ಹೇಗೆ ನಡೆಯುತ್ತದೆ ಎಲ್ಲವೂ ಅದರಲ್ಲಿರುತ್ತದೆ.

ಇವೆಲ್ಲದರ ಮೇಲೆ ಒಟ್ಟು ಗಡುವು: 180 ದಿನ, ಬೇಕಾದರೆ ಇನ್ನೂ 90, ಕೋರ್ಟು ವ್ಯಾಜ್ಯದ ದಿನಗಳೂ ಸೇರಿ 330. ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ 2019ರ ನವೆಂಬರ್ 15ರಂದು ಸುಪ್ರೀಂ ಕೋರ್ಟ್ ಈ 330 ದಿನದ ಕಲಮಿನಿಂದ 'ಕಡ್ಡಾಯವಾಗಿ' ಎಂಬ ಪದವನ್ನು ತೆಗೆದುಹಾಕಿತು. ತಡ ಕಕ್ಷಿಗಾರರ ತಪ್ಪಿನಿಂದಲ್ಲ, ನ್ಯಾಯಮಂಡಳಿಯಿಂದಲೇ ಆಗಿದ್ದರೆ ಅಪರೂಪಕ್ಕೆ ದಾಟಬಹುದು ಎಂದಿತು. ಅಪರೂಪ ಎಂದದ್ದು ಈಗ ರೂಢಿಯಾಗಿದೆ. ಬಾಕಿದಾರರಿಗೆ ದೊಡ್ಡ ಪೆಟ್ಟು ಬೀಳುತ್ತಿರುವುದು ಇಲ್ಲಿಯೇ.

ಜಗಳದ ಎರಡೂ ಕಡೆ ನ್ಯಾಯವಿದೆ

ತೋಟದ ಮಾಲೀಕರೊಬ್ಬರು ಬಳ್ಳಿಯ ಮೇಲಿರುವ ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಡಲು ಮುಚ್ಚಿದ ಲಕೋಟೆಯಲ್ಲಿ ದರ ಕೇಳುತ್ತಾರೆ ಎನ್ನಿ. ಶನಿವಾರ ಸಂಜೆ ಕೊನೆ. ಮೂವರು ಕೊಟ್ಟರು, ಲಕೋಟೆ ಒಡೆದಾಯಿತು, ದರ ಊರಿಗೆಲ್ಲ ತಿಳಿಯಿತು. ಸೋಮವಾರ ನಾಲ್ಕನೆಯವನು ಬಂದು 'ಅವರಿಗಿಂತ 2 ಲಕ್ಷ ಜಾಸ್ತಿ ಕೊಡುತ್ತೇನೆ' ಎಂದರೆ ಮಾಲೀಕರಿಗೆ ಆಸೆಯಾಗುವುದು ಸಹಜ, ಅವರು ಬ್ಯಾಂಕಿಗೆ ಕಟ್ಟುವುದೂ ಇದೆ. ಆದರೆ ಶನಿವಾರ ಬಂದವರು ತಮ್ಮ ದರ ಬಯಲಾದದ್ದನ್ನೇ ಅಸ್ತ್ರ ಮಾಡಿಕೊಂಡು ಇವನು ಗೆದ್ದ ಎನ್ನುತ್ತಾರೆ. ಮುಂದಿನ ವರ್ಷ ಅವರು ಶನಿವಾರ ಬರುವುದಿಲ್ಲ, ಬಂದರೂ ತಮ್ಮ ಪೂರ್ತಿ ದರ ಬರೆಯುವುದಿಲ್ಲ.

ಕಂಪನಿ ದಿವಾಳಿಯ ವ್ಯಾಜ್ಯಗಳಲ್ಲಿ ವಕೀಲರು ವಾದಿಸುವುದು ಈ ಎರಡನ್ನೇ. ಒಂದು ಕಡೆ 'ಸಂಹಿತೆಯ ಉದ್ದೇಶ ಆಸ್ತಿಗೆ ಗರಿಷ್ಠ ಬೆಲೆ', ಇನ್ನೊಂದು ಕಡೆ 'ಸಂಹಿತೆಯ ಉದ್ದೇಶ ಕಾಲಮಿತಿಯೊಳಗೆ ಮುಗಿಸುವುದು'. ಸಂಹಿತೆಯ ಪೀಠಿಕೆಯಲ್ಲೇ ಎರಡೂ ಮಾತು ಇವೆ.

ನಿಯಮ ಏನು ಹೇಳುತ್ತದೆ

ಆಸಕ್ತಿ ಪತ್ರದ ವಿಷಯದಲ್ಲಿ ನಿಯಮ ಗಟ್ಟಿ. ಕೊನೆಯ ದಿನ ಕಳೆದು ಬಂದದ್ದನ್ನು ತಿರಸ್ಕರಿಸಬೇಕು ಎಂದು ದಿವಾಳಿ ಪ್ರಕ್ರಿಯೆಯ ನಿಯಮಾವಳಿಯ 36ಎ ನಿಯಮ ಹೇಳುತ್ತದೆ. ಆರ್‌ಪಿಗೆ 'ಇರಲಿ ಬಿಡಿ' ಎನ್ನುವ ಅಧಿಕಾರವಿಲ್ಲ.

ಪರಿಹಾರ ಯೋಜನೆಯ ಗಡುವನ್ನು ಮಾತ್ರ ಸಮಿತಿಯ ಒಪ್ಪಿಗೆ ಪಡೆದು ಆರ್‌ಪಿ ಮುಂದಕ್ಕೆ ಹಾಕಬಹುದು. ಬಂದ ಯೋಜನೆಗಳು ಸಮಾಧಾನ ತರದಿದ್ದರೆ ಮತ್ತೆ ಹೊಸದಾಗಿ ಕರೆಯಲೂಬಹುದು. ಆದರೆ ಮುಂದಕ್ಕೆ ಹಾಕಿದ್ದು ಪಟ್ಟಿಯಲ್ಲಿರುವ ಎಲ್ಲರಿಗೂ ಒಂದೇ ರೀತಿ ತಿಳಿಯಬೇಕು. ಒಬ್ಬನಿಗಾಗಿ ಗುಟ್ಟಾಗಿ ಎರಡು ದಿನ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

2021ರ ಸೆಪ್ಟೆಂಬರ್ 30ರಂದು ಸೇರಿದ 39ನೇ ನಿಯಮದ ಭಾಗ ಇನ್ನೂ ಖಚಿತವಾಗಿದೆ. ಸಮಿತಿ ಗೊತ್ತುಮಾಡಿದ ಸಮಯ ಮೀರಿ ಬಂದ ಯೋಜನೆಯನ್ನಾಗಲಿ, ಅಂತಿಮ ಪಟ್ಟಿಯಲ್ಲಿ ಇಲ್ಲದವರ ಯೋಜನೆಯನ್ನಾಗಲಿ ಸಮಿತಿ ಪರಿಗಣಿಸುವಂತಿಲ್ಲ. ಕೊಟ್ಟ ಯೋಜನೆಯನ್ನು ಒಂದು ಸಲಕ್ಕಿಂತ ಹೆಚ್ಚು ತಿದ್ದಲು ಬಿಡುವಂತಿಲ್ಲ. ಬೇಕಾದರೆ ಬಿಡ್‌ದಾರರನ್ನು ಒಟ್ಟಿಗೆ ಕೂರಿಸಿ ದರ ಏರಿಸುವ ಪೈಪೋಟಿ ಸುತ್ತು ನಡೆಸಬಹುದು, ಆದರೆ ಅದು ಷರತ್ತುಗಳ ದಾಖಲೆಯಲ್ಲಿ ಮೊದಲೇ ಬರೆದಿರಬೇಕು.

ಇಷ್ಟು ಸ್ಪಷ್ಟ ನಿಯಮದ ಅಗತ್ಯ ಅರ್ಥವಾಗಲು ಅದಕ್ಕೂ ಮುಂಚಿನ ಒಂದು ದೊಡ್ಡ ಪ್ರಕರಣ ನೋಡಬೇಕು.

ಭೂಷಣ್ ಪವರ್: 12 ದಿನ ತಡ, ವರ್ಷಗಟ್ಟಲೆ ವ್ಯಾಜ್ಯ

ಭೂಷಣ್ ಪವರ್ ಅಂಡ್ ಸ್ಟೀಲ್ ಮೇಲೆ 2017ರ ಜುಲೈನಲ್ಲಿ ಪ್ರಕ್ರಿಯೆ ಆರಂಭವಾಯಿತು. ಬ್ಯಾಂಕುಗಳಿಗೆ ಬರಬೇಕಿದ್ದುದು 47,000 ಕೋಟಿಗೂ ಹೆಚ್ಚು. ಬಿಡ್ ಸಲ್ಲಿಸಲು 2018ರ ಫೆಬ್ರವರಿ 8 ಕೊನೆಯ ದಿನ. ಟಾಟಾ ಸ್ಟೀಲ್, ಜೆಎಸ್‌ಡಬ್ಲ್ಯು ಸ್ಟೀಲ್ ಆ ದಿನದೊಳಗೆ ಕೊಟ್ಟವು. ಬ್ರಿಟನ್ನಿನ ಲಿಬರ್ಟಿ ಹೌಸ್ ಫೆಬ್ರವರಿ 20ಕ್ಕೆ ಬಂತು. ಸಮಿತಿ ಅದನ್ನು ತೆರೆಯಲು ಒಪ್ಪಲಿಲ್ಲ. ಲಿಬರ್ಟಿ ದೆಹಲಿಯ ನ್ಯಾಯಮಂಡಳಿಗೆ ಹೋಯಿತು. ತಡವಾಯಿತು ಎಂಬ ಒಂದೇ ಕಾರಣಕ್ಕೆ ತಳ್ಳುವುದು ಸರಿಯಲ್ಲ, ಪರಿಗಣಿಸಿ ಎಂದು ಏಪ್ರಿಲ್ 23ರಂದು ಆದೇಶವಾಯಿತು. ಟಾಟಾ ಸ್ಟೀಲ್ ಮೇಲ್ಮನವಿ ಹಾಕಿತು.

ಆಮೇಲಿನದು ಗಮನಿಸಬೇಕಾದ್ದು. ಬಾಗಿಲು ಒಬ್ಬನಿಗೆ ತೆರೆದ ಮೇಲೆ ಉಳಿದವರಿಗೂ ದರ ಏರಿಸಲು ದಾರಿಯಾಯಿತು. ಮೊದಲು ಟಾಟಾಗಿಂತ ಬಹಳ ಹಿಂದಿದ್ದ ಜೆಎಸ್‌ಡಬ್ಲ್ಯು ತನ್ನ ಮೊತ್ತವನ್ನು ಸುಮಾರು 19,700 ಕೋಟಿಗೆ ಏರಿಸಿತು, ಅದರಲ್ಲಿ ಹಣಕಾಸು ಸಾಲದಾತರಿಗೆ 19,350 ಕೋಟಿ. ಗೆದ್ದದ್ದು ತಡವಾಗಿ ಬಂದ ಲಿಬರ್ಟಿಯಲ್ಲ, ಜೆಎಸ್‌ಡಬ್ಲ್ಯು. ಬ್ಯಾಂಕುಗಳಿಗೆ ಮೊತ್ತ ಹೆಚ್ಚಿತು, ನಿಜ. ಆದರೆ ನ್ಯಾಯಮಂಡಳಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2019ರ ಸೆಪ್ಟೆಂಬರ್‌ನಲ್ಲಿ, ಬ್ಯಾಂಕುಗಳಿಗೆ ಹಣ ಸೇರಿದ್ದು 2021ರ ಮಾರ್ಚ್‌ನಲ್ಲಿ. ಬೇರೆ ಬೇರೆ ಕಾರಣಗಳಿಗೆ ಸುಪ್ರೀಂ ಕೋರ್ಟ್ 2025ರ ಮೇ 2ರಂದು ಯೋಜನೆಯನ್ನೇ ರದ್ದುಮಾಡಿ ಲಿಕ್ವಿಡೇಷನ್‌ಗೆ ಆದೇಶಿಸಿತು, ಜುಲೈನಲ್ಲಿ ಆ ತೀರ್ಪನ್ನು ಹಿಂಪಡೆಯಿತು, ಸೆಪ್ಟೆಂಬರ್ 26ರಂದು ಯೋಜನೆಯನ್ನು ಎತ್ತಿಹಿಡಿಯಿತು. ಆರಂಭದಿಂದ ಅಲ್ಲಿಗೆ 8 ವರ್ಷ ದಾಟಿತ್ತು.

ರಿಲಯನ್ಸ್ ಕ್ಯಾಪಿಟಲ್: ಹರಾಜು ಮುಗಿದ ಮರುದಿನ

ದಿವಾಳಿ ಪ್ರಕ್ರಿಯೆಯಲ್ಲಿದ್ದ ಹಣಕಾಸು ಕಂಪನಿ ರಿಲಯನ್ಸ್ ಕ್ಯಾಪಿಟಲ್ ಕೊಳ್ಳಲು 2022ರ ಡಿಸೆಂಬರ್ 21ರಂದು ನಡೆದ ಪೈಪೋಟಿ ಸುತ್ತಿನಲ್ಲಿ ಟೊರೆಂಟ್ ಸಂಸ್ಥೆ 8,640 ಕೋಟಿ ಹೇಳಿ ಮೊದಲ ಸ್ಥಾನದಲ್ಲಿತ್ತು. ಸುತ್ತು ಮುಗಿದ ಮೇಲೆ ಹಿಂದೂಜಾ ಸಮೂಹ ತನ್ನ ಮೊತ್ತವನ್ನು ಸುಮಾರು 9,000 ಕೋಟಿಗೆ ಏರಿಸಿತು. ಇದು ಆಸಕ್ತಿ ಪತ್ರ ತಡವಾದ ಪ್ರಕರಣವಲ್ಲ, ಹಿಂದೂಜಾ ಪಟ್ಟಿಯಲ್ಲೇ ಇತ್ತು. ತಪ್ಪಿದ್ದು ಹರಾಜಿನ ಸಮಯ.

ಟೊರೆಂಟ್ ಮುಂಬೈ ನ್ಯಾಯಮಂಡಳಿಯಲ್ಲಿ ಗೆದ್ದಿತು. ಮೇಲ್ಮನವಿ ಮಂಡಳಿ 2023ರ ಮಾರ್ಚ್ 2ರಂದು ಬೇರೆ ಮಾತು ಹೇಳಿತು. ಪೈಪೋಟಿ ಸುತ್ತು ಬೆಲೆ ಹೆಚ್ಚಿಸುವ ಒಂದು ವಿಧಾನವಷ್ಟೇ, ಅದು ಮುಗಿಯಿತೆಂದು ಸಮಿತಿಯ ಮಾತುಕತೆಯ ಅಧಿಕಾರ ಮುಗಿಯುವುದಿಲ್ಲ ಎಂದಿತು. ಏಪ್ರಿಲ್ 26ರಂದು ಎರಡನೇ ಸುತ್ತು. ಟೊರೆಂಟ್ ಅದರಲ್ಲಿ ಪಾಲ್ಗೊಳ್ಳಲಿಲ್ಲ. ಹಿಂದೂಜಾ 9,650 ಕೋಟಿ ಹೇಳಿತು. ಯೋಜನೆಗೆ ನ್ಯಾಯಮಂಡಳಿ 2024ರ ಫೆಬ್ರವರಿ 27ರಂದು ಒಪ್ಪಿಗೆ ಕೊಟ್ಟಿತು, ಕಂಪನಿ ಕೈ ಬದಲಾದದ್ದು 2025ರಲ್ಲಿ.

ಎರಡೂ ಪ್ರಕರಣ ಒಟ್ಟಿಗಿಟ್ಟು ನೋಡಿದರೆ ಗೆರೆ ಕಾಣುತ್ತದೆ. ಪಟ್ಟಿಯ ಹೊರಗಿನವನಿಗೆ ಇಂದಿನ ನಿಯಮದಲ್ಲಿ ದಾರಿ ಬಹಳ ಕಿರಿದು. ಪಟ್ಟಿಯ ಒಳಗಿದ್ದವನು ದರ ಏರಿಸುವುದು ಸಮಿತಿಯ ಇಷ್ಟಕ್ಕೆ ಬಿಟ್ಟದ್ದು. ಸಮಿತಿ ಮತ ಹಾಕಿದ ಮೇಲಂತೂ ಬಾಗಿಲು ಮುಚ್ಚಿದಂತೆಯೇ. ಎಜುಕಾಂಪ್ ಪ್ರಕರಣದ 2021ರ ಸೆಪ್ಟೆಂಬರ್ 13ರ ತೀರ್ಪಿನ ಪ್ರಕಾರ, ಸಮಿತಿ ಒಪ್ಪಿದ ಯೋಜನೆಯಿಂದ ಗೆದ್ದವನೇ ಹಿಂದೆ ಸರಿಯುವಂತಿಲ್ಲ.

ಬಿಡ್ ತಡವಾಗುವುದು ಎಲ್ಲಿ

ಬೇಕೆಂದೇ ತಡಮಾಡುವವರಿದ್ದಾರೆ, ಎದುರಾಳಿಯ ದರ ಗೊತ್ತಾಗಲಿ ಎಂದು. ಆದರೆ ಹಲವು ಬಿಡ್‌ಗಳು ಕಾಗದದಲ್ಲಿ ಎಡವುತ್ತವೆ. ತೋಟ, ರೆಸಾರ್ಟ್, ಸಂಸ್ಕರಣಾ ಘಟಕ ಇರುವ ಸಣ್ಣ ಕಂಪನಿಗೆ ಸ್ಥಳೀಯರೇ ಬಿಡ್ ಮಾಡುವುದಿದ್ದರೆ ಇವನ್ನು ನೋಡಿಕೊಳ್ಳಬೇಕು.

ಮುಂಗಡ ಠೇವಣಿ ಗಡುವಿನ ಗಂಟೆಯೊಳಗೆ ಖಾತೆಗೆ ಜಮೆಯಾಗಬೇಕು, ಕಳಿಸಿದ್ದು ಸಾಲದು. ಬ್ಯಾಂಕ್ ಗ್ಯಾರಂಟಿ ಆದರೆ ಅದರ ಪಠ್ಯ ಷರತ್ತಿನ ದಾಖಲೆಯಲ್ಲಿ ಕೊಟ್ಟ ಮಾದರಿಯಂತೆಯೇ ಇರಬೇಕು. ಮಡಿಕೇರಿಯ ಶಾಖೆ ಅದನ್ನು ಬೆಂಗಳೂರಿಗೆ ಕಳಿಸಿ ಮಂಜೂರು ಮಾಡಿಸಿಕೊಳ್ಳಬೇಕಾದರೆ ಆ ದಿನಗಳನ್ನು ಮೊದಲೇ ಎಣಿಸಿಕೊಳ್ಳಬೇಕು. ಪಾಸ್‌ವರ್ಡ್ ಹಾಕಿದ ಇಮೇಲ್ ಕಡತವಾದರೆ ಪಾಸ್‌ವರ್ಡ್ ಯಾವಾಗ, ಯಾರಿಗೆ ಕಳಿಸಬೇಕು ಎಂಬುದನ್ನು ಓದಿರಬೇಕು. ಮುದ್ರಿತ ಪ್ರತಿಯೂ ಬೇಕೆಂದಿದ್ದರೆ ಇಮೇಲ್ ಹೋದ ಸಮಯವೇ ಸಾಕೇ, ಲಕೋಟೆ ತಲುಪಿದ ಸಮಯ ಎಣಿಕೆಯೇ ಎಂಬುದನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಬೇಕು. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕುವುದು ತಡವಾದರೆ ಕಂಪನಿಯ ಲೆಕ್ಕಪತ್ರ ನೋಡಲು ಸಿಗುವುದೂ ತಡ, 30 ದಿನದಲ್ಲಿ ಅಷ್ಟು ಕಳೆದಂತೆ.

29ಎ ಕಲಂ ಪ್ರಕಾರ ಅನರ್ಹನಲ್ಲ ಎಂಬ ಪ್ರಮಾಣಪತ್ರ ಕಡ್ಡಾಯ. ಕಂಪನಿ ಮುಳುಗಿಸಿದ ಹಳೆಯ ಮಾಲೀಕರು ಹಿಂಬಾಗಿಲಿನಿಂದ ಅದನ್ನೇ ಅಗ್ಗಕ್ಕೆ ಕೊಳ್ಳದಿರಲಿ ಎಂದು ಈ ಕಲಂ ಬಂತು. ಸಣ್ಣ ಉದ್ಯಮ ಎಂದು ನೋಂದಣಿಯಾಗಿದ್ದರೆ ಹಳೆಯ ಮಾಲೀಕರಿಗೆ ಕೆಲವು ವಿನಾಯಿತಿ ಇದೆ. ಆ ನೋಂದಣಿ ಯಾವ ದಿನಕ್ಕೆ ಇರಬೇಕು ಎಂಬ ಪ್ರಶ್ನೆ ಎದ್ದದ್ದು ಶ್ರೀ ಆಶ್ರಯ ಇನ್‌ಫ್ರಾ-ಕಾನ್ ಎಂಬ ಕಂಪನಿಯ ಪ್ರಕರಣದಲ್ಲಿ. ಪ್ರಕ್ರಿಯೆ ಆರಂಭದ ದಿನವಲ್ಲ, ಯೋಜನೆ ಸಲ್ಲಿಸಿದ ದಿನ ನೋಂದಣಿ ಇದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2023ರ ನವೆಂಬರ್‌ನಲ್ಲಿ ಹೇಳಿತು.

ವ್ಯಾಜ್ಯದ ದಾರಿ, ಅದರದೇ ಗಡುವು

ಬಿಡ್ ತಿರಸ್ಕೃತವಾದವನು 60(5)ನೇ ಕಲಂ ಅಡಿ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾನೆ. ಕೊಡಗಿನಲ್ಲಿ ನೋಂದಾಯಿತ ಕಚೇರಿ ಇರುವ ಕಂಪನಿಯಾದರೆ ಬೆಂಗಳೂರು ಪೀಠ, ಅಲ್ಲಿಂದ ಮೇಲ್ಮನವಿ ಚೆನ್ನೈ ಪೀಠಕ್ಕೆ. ಮೇಲ್ಮನವಿಗೆ 30 ದಿನ, ಸಕಾರಣ ತೋರಿಸಿದರೆ ಇನ್ನೂ 15. 46ನೇ ದಿನ ಹೋದರೆ ಮನ್ನಿಸುವ ಅಧಿಕಾರ ಮೇಲ್ಮನವಿ ಮಂಡಳಿಗೇ ಇಲ್ಲ. ದಿನ ಎಣಿಕೆ ಆದೇಶ ವೆಬ್‌ಸೈಟಿಗೆ ಬಂದಂದಿನಿಂದಲ್ಲ, ತೆರೆದ ಕೋರ್ಟಿನಲ್ಲಿ ಹೇಳಿದಂದಿನಿಂದ ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ದೃಢೀಕೃತ ಪ್ರತಿಗೆ ಕೂಡಲೇ ಅರ್ಜಿ ಹಾಕದೆ ಕಾದು ಕುಳಿತವರು ಇದರಿಂದ ಹಕ್ಕು ಕಳೆದುಕೊಂಡಿದ್ದಾರೆ.

'ನಾನು ಹೆಚ್ಚು ಕೊಡುತ್ತೇನೆ' ಎಂಬ ವಾದ ಒಂಟಿಯಾಗಿ ನಿಲ್ಲುವುದಿಲ್ಲ. ತನ್ನ ಯೋಜನೆಯನ್ನು ಪರಿಗಣಿಸಲೇಬೇಕು ಎಂಬ ಹಕ್ಕು ಬಿಡ್‌ದಾರನಿಗಿಲ್ಲ ಎಂದು ಆರ್ಸೆಲರ್‌ಮಿತ್ತಲ್ ಪ್ರಕರಣದಲ್ಲಿ 2018ರಲ್ಲೇ ತೀರ್ಪಾಗಿದೆ. ನಿಲ್ಲುವುದು ಪ್ರಕ್ರಿಯೆಯ ದೋಷ: ಗಡುವು ಮುಂದೂಡಿದ್ದನ್ನು ತನಗೆ ತಿಳಿಸಲಿಲ್ಲ, ಮಾಹಿತಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡಲಿಲ್ಲ, ಷರತ್ತನ್ನು ನಡುವೆ ಬದಲಿಸಿದರು ಎಂಬಂಥವು. ಯಾರು ಉತ್ತಮ ಕೊಳ್ಳುವವರು ಎಂಬ ಸಮಿತಿಯ ವ್ಯಾವಹಾರಿಕ ತೀರ್ಮಾನವನ್ನು ನ್ಯಾಯಮಂಡಳಿ ಮತ್ತೆ ತೂಗುವುದಿಲ್ಲ.

ಬೆಳೆಗಾರರಿಗೆ, ಕಾರ್ಮಿಕರಿಗೆ ಇದರಿಂದ ಏನು

ತಡವಾದ ಬಿಡ್ ದೊಡ್ಡದಾಗಿದ್ದರೆ ನಮಗೂ ಹೆಚ್ಚು ಬರುತ್ತದೆ ಎಂದುಕೊಳ್ಳುವುದು ಸಹಜ. ಹಾಗಾಗಬೇಕೆಂದಿಲ್ಲ. ವ್ಯವಹಾರ ಸಾಲದಾತರಿಗೆ ಕಾನೂನು ಖಾತರಿ ಕೊಡುವುದು, ಕಂಪನಿ ಮುಚ್ಚಿ ಆಸ್ತಿ ಮಾರಿದರೆ ಅವರ ಪಾಲಿಗೆ ಬರುತ್ತಿದ್ದ ಮೊತ್ತ, ಅಥವಾ ಯೋಜನೆಯ ಹಣವನ್ನು ಅದೇ ಸರದಿಯಲ್ಲಿ ಹಂಚಿದರೆ ಬರುವ ಮೊತ್ತ, ಎರಡರಲ್ಲಿ ಯಾವುದು ಹೆಚ್ಚೋ ಅದು. ಆ ಸರದಿಯಲ್ಲಿ ಪ್ರಕ್ರಿಯೆಯ ಖರ್ಚು ಮೊದಲು. ಆಮೇಲೆ ಅಡಮಾನ ಇಟ್ಟುಕೊಂಡ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ ಸಮಸಮ. ಕಾಫಿ ಕೊಟ್ಟವರ ಬಾಕಿ ಬಹಳ ಕೆಳಗೆ. ಬ್ಯಾಂಕಿನ ಸಾಲವೇ ತೀರದಿದ್ದರೆ ಬಿಡ್ ಎಷ್ಟು ಏರಿದರೂ ಈ ಲೆಕ್ಕದಲ್ಲಿ ಬೆಳೆಗಾರನ ಪಾಲು ಸೊನ್ನೆಯಾಗಬಹುದು. ಅದಕ್ಕಿಂತ ಹೆಚ್ಚು ಕೊಡುವುದು ಯೋಜನೆ ಬರೆದವರ, ಒಪ್ಪುವವರ ಇಷ್ಟ. ಒಂದು ಅನುಕೂಲವಿದೆ: ಎಷ್ಟು ಗೊತ್ತಾಗಿದೆಯೋ ಅಷ್ಟನ್ನು ಬ್ಯಾಂಕುಗಳಿಗಿಂತ ಮೊದಲು ಪಾವತಿಸಬೇಕು. ಆದರೆ ಗಡುವಿನ ವ್ಯಾಜ್ಯ ನಡೆಯುವಷ್ಟು ಕಾಲವೂ ಆ ಪಾವತಿ ನಿಂತಿರುತ್ತದೆ.

ಅವರು ತಪ್ಪಿಸಬಾರದ ಗಡುವು ಬೇರೆಯದು, ಬಾಕಿ ಕೇಳಿಕೆಯದು. ಪ್ರಕ್ರಿಯೆ ಆರಂಭವಾದ ಸುಮಾರು 3 ದಿನಕ್ಕೆ ಸಾರ್ವಜನಿಕ ಪ್ರಕಟಣೆ ಬರುತ್ತದೆ, ಕೇಳಿಕೆಗೆ ತಾತ್ಕಾಲಿಕ ಆರ್‌ಪಿ ನೇಮಕವಾದ ದಿನದಿಂದ 14 ದಿನ. ಸರಕು, ಸೇವೆ ಕೊಟ್ಟವರಿಗೆ ಫಾರಂ ಬಿ, ಕಾರ್ಮಿಕರಿಗೆ ಮತ್ತು ನೌಕರರಿಗೆ ಫಾರಂ ಡಿ. ಲೈನ್‌ಮನೆಯ ಕಾರ್ಮಿಕರೆಲ್ಲ ಬೇರೆ ಬೇರೆ ಹಾಕಬೇಕಿಲ್ಲ, ಒಬ್ಬ ಪ್ರತಿನಿಧಿ ಎಲ್ಲರ ಪರವಾಗಿ ಫಾರಂ ಇ ಕೊಡಬಹುದು. 14 ದಿನ ತಪ್ಪಿದರೆ 90ನೇ ದಿನದವರೆಗೆ ಅಥವಾ ಪರಿಹಾರ ಯೋಜನೆ ಕೇಳುವ ದಾಖಲೆ ಹೊರಡುವವರೆಗೆ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ, ತಡವಾದ ಕಾರಣ ಬರೆದು ಕೊಡಬಹುದು. ಅದೂ ದಾಟಿದರೆ ಕಷ್ಟ. ಸಮಿತಿ ಯೋಜನೆ ಒಪ್ಪಿದ ಮೇಲೆ ಬಂದ, 287 ದಿನ ತಡವಾದ ಕೇಳಿಕೆಯೊಂದನ್ನು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿದೆ. ನ್ಯಾಯಮಂಡಳಿ ಯೋಜನೆಗೆ ಒಪ್ಪಿಗೆ ಕೊಟ್ಟ ದಿನ, ಅದರಲ್ಲಿ ಸೇರದ ಹಳೆಯ ಬಾಕಿ ಅಳಿದುಹೋಗುತ್ತದೆ.

ಕ್ಯೂರಿಂಗ್‌ಗೆ ಕೊಟ್ಟು ಅಲ್ಲೇ ಉಳಿದಿರುವ ಕಾಫಿಯ ವಿಷಯ ಪ್ರತ್ಯೇಕ. ಮಾರದೆ, ಸಂಸ್ಕರಿಸಿ ಇಡಲು ಮಾತ್ರ ಕೊಟ್ಟದ್ದಾದರೆ ಅದು ಕಂಪನಿಯ ಆಸ್ತಿಯಲ್ಲ. ಕಂಪನಿಯ ವಶದಲ್ಲಿರುವ ಬೇರೆಯವರ ಸ್ವತ್ತನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು 18ನೇ ಕಲಂನ ವಿವರಣೆ ಹೇಳುತ್ತದೆ. ಅದಕ್ಕೆ ಬಾಕಿ ಕೇಳಿಕೆಯಲ್ಲ, ಸರಕು ಹಿಂತಿರುಗಿಸಿ ಎಂಬ ಪತ್ರ ಆರ್‌ಪಿಗೆ ಹೋಗಬೇಕು. ಚೀಲಗಳ ಸಂಖ್ಯೆ, ತೂಕ, ಕೊಟ್ಟ ತಾರೀಕು ಇರುವ ರಸೀದಿ, ಸಂಸ್ಕರಿಸಿದ ಮೇಲೆ ಎಷ್ಟು ಕಾಫಿ ಬಂತು ಎಂದು ತೋರಿಸುವ ಔಟ್‌ಟರ್ನ್ ಪತ್ರ ಜೊತೆಗಿರಬೇಕು. ರಸೀದಿಯ ಮೇಲೆ 'ಮಾರಾಟ' ಎಂದಿದ್ದರೆ ಕಾಫಿ ಕಂಪನಿಯದಾಗಿರುತ್ತದೆ, ಉಳಿದದ್ದು ಹಣದ ಬಾಕಿ ಮಾತ್ರ, ಅದಕ್ಕೆ ಫಾರಂ ಬಿ.

ಪ್ರಕಟಣೆಗಳು, ಫಾರಂ ಜಿ ಎಲ್ಲವೂ ದಿವಾಳಿ ಮಂಡಳಿ ಐಬಿಬಿಐ ವೆಬ್‌ಸೈಟಿನಲ್ಲಿ ಕಂಪನಿಯ ಹೆಸರಿನಡಿ ಸಿಗುತ್ತವೆ. ಆರ್‌ಪಿಯ ನೋಂದಣಿ ಸಂಖ್ಯೆ, ಇಮೇಲ್ ವಿಳಾಸ, ಕೇಳಿಕೆಯ ಕೊನೆಯ ದಿನ ಅದರಲ್ಲೇ ಇರುತ್ತದೆ. ಕೇಳಿಕೆ ಕಳಿಸಿದ ಇಮೇಲಿನ ಪ್ರತಿಯನ್ನೂ ಸ್ವೀಕೃತಿಯನ್ನೂ ತೆಗೆದಿಟ್ಟುಕೊಂಡು, ಆರ್‌ಪಿ ಪ್ರಕಟಿಸುವ ಸಾಲದಾತರ ಪಟ್ಟಿಯಲ್ಲಿ ತಮ್ಮ ಹೆಸರು ಮತ್ತು ಒಪ್ಪಿಕೊಂಡ ಮೊತ್ತ ಎಷ್ಟೆಂದು ನೋಡಬೇಕು. ಕಡಿಮೆ ಒಪ್ಪಿದ್ದರೆ ಬಿಲ್ಲುಗಳ ಸಮೇತ ಆರ್‌ಪಿಗೆ ಬರೆದು, ಅವರು ತಿದ್ದದಿದ್ದರೆ ನ್ಯಾಯಮಂಡಳಿಗೆ ಅರ್ಜಿ ಹಾಕುವುದು, ಸಮಿತಿಯ ಮತದಾನಕ್ಕೆ ಮೊದಲೇ ಆಗಬೇಕು.